ತಾತನ ಕೋವಿಗೆ ಬೆಲೆ ಕಟ್ಟುವ ಮುಂಚೆ

ಆಯುಧಪೂಜೆ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಹಳೇ ಕೋವಿಗಳ ಪತ್ರ ಜಾಸ್ತಿ ಬರುತ್ತವೆ. ಅಟ್ಟದಿಂದ ಇಳಿಸುತ್ತಾರೆ, ಧೂಳು ಹೊಡೆಯುತ್ತಾರೆ, ಆಮೇಲೆ 'ಇದಕ್ಕೆ ಎಷ್ಟು ಸಿಗಬಹುದು' ಅಂತ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಈ ಸಲ ಐದು ಪತ್ರ ಆರಿಸಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದ ಆಯಿತು, ಮಿಕ್ಕವರೂ ಅದನ್ನು ಓದಿಕೊಂಡರೆ ಒಳ್ಳೆಯದು.

ಪ್ರಶ್ನೆ: ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಉದ್ದನೆಯ ಕೋವಿ ಸಿಕ್ಕಿತು. ನಮ್ಮ ತಾತನ ತಂದೆ ಊರ ಪಟೇಲರಾಗಿದ್ದರು, ಅವರದ್ದಂತೆ. ಟಿಪ್ಪು ಸೈನ್ಯದ ರೈಫಲ್ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಾಯಿಂದ ಮದ್ದು ತುಂಬುವ ಜಾತಿ. ಪಕ್ಕದ ಕಬ್ಬಿಣದ ಪ್ಲೇಟಿನ ಮೇಲೆ ಕಿರೀಟ, ಇಂಗ್ಲಿಷಿನಲ್ಲಿ 'ಟವರ್', ಮತ್ತೆ 1859 ಅಂತ ಇದೆ. ನಳಿಗೆ 39 ಇಂಚು, ಮೂರು ಕಬ್ಬಿಣದ ಪಟ್ಟಿ ಹಾಕಿ ಮರಕ್ಕೆ ಬಿಗಿದಿದ್ದಾರೆ. ನಳಿಗೆಯ ಬಾಯಿ ಸ್ಕೇಲಿನಲ್ಲಿ ಅಳೆದರೆ 16 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಟಾರ್ಚ್ ಬಿಟ್ಟು ನೋಡಿದೆ, ಒಳಗೆ ಗೀರು ಯಾವುದೂ ಕಾಣಲಿಲ್ಲ. ಮೈಸೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಫೋಟೋ ನೋಡಿ 15,000 ಕೊಡುತ್ತೇನೆ, ತಂದುಬಿಡಿ ಅಂದಿದ್ದಾರೆ. ಕೊಡಬಹುದಾ? ಇನ್ನೂ ಜಾಸ್ತಿ ಬರುತ್ತದಾ?
(ಪಾಂಡವಪುರ ತಾಲ್ಲೂಕಿನ ಓದುಗರು, ಹೆಸರು ಬೇಡ ಅಂದಿದ್ದಾರೆ)

ಉತ್ತರ: ಬೆಲೆ ಆಮೇಲೆ. ಟಾರ್ಚ್ ಬಿಟ್ಟು ನೋಡಿದೆ ಅಂತ ಬರೆದಿದ್ದೀರಲ್ಲ, ಅಂದರೆ ನಳಿಗೆಯ ಬಾಯಿಗೆ ಕಣ್ಣು ಕೊಟ್ಟಿದ್ದೀರಿ. ಇನ್ನೊಮ್ಮೆ ಹಾಗೆ ಮಾಡಬೇಡಿ. ಬಾಯಿಂದ ತುಂಬುವ ಕೋವಿಯಲ್ಲಿ ಇರುವ ದೊಡ್ಡ ಅಪಾಯವೇ ಇದು. ತೋಟಾ ಕೋವಿಯಾದರೆ ಮಡಚಿ ನೋಡಿದರೆ ತೋಟಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಇದರಲ್ಲಿ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಂದಿ ಕಾಯಲು ರಾತ್ರಿ ಮದ್ದು ತುಂಬಿರುತ್ತಾರೆ, ಹಂದಿ ಬರುವುದಿಲ್ಲ, ಹಾಗೇ ತಂದು ಮೂಲೆಗೆ ಒರಗಿಸುತ್ತಾರೆ, ತುಂಬಿದವರು ತೀರಿಕೊಂಡ ಮೇಲೂ ಮದ್ದು ಒಳಗೇ ಇರುತ್ತದೆ. ಕಪ್ಪು ಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಒಣಗಿದ್ದರೆ ಅದು ಎಷ್ಟು ವರ್ಷ ಕಳೆದರೂ ಕೆಡುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಕುದುರೆ (ಟ್ರಿಗರ್ ಎಳೆದರೆ ಬಂದು ಬಡಿಯುವ ಸುತ್ತಿಗೆಯಂಥ ಭಾಗ) ಎತ್ತಬೇಡಿ, ಟ್ರಿಗರ್ ಮುಟ್ಟಬೇಡಿ. ಕುದುರೆ ಬಂದು ಬಡಿಯುವ ಕಡೆ ನಿಪ್ಪಲ್ ಅನ್ನುವ ಪುಟ್ಟ ಕೊಳವೆ ಇರುತ್ತದೆ, ಅದರ ಮೇಲೆ ತಾಮ್ರದ ಕೇಪು (ಬಡಿದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಟೋಪಿ) ಕೂತಿರುವ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ, ಕೋವಿಯ ಬಾಯಿ ಯಾರೂ ಇಲ್ಲದ ಕಡೆಗೆ ತಿರುಗಿಸಿ, ಪಕ್ಕದಲ್ಲಿ ನಿಂತುಕೊಂಡು, ಒಂದು ಉದ್ದನೆಯ ಬಿದಿರು ಕಡ್ಡಿಯನ್ನು ನಿಧಾನವಾಗಿ ಒಳಗೆ ಬಿಡಿ. ತಡೆದ ಕಡೆ ನಿಲ್ಲಿಸಿ, ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಹಾಕಿ ಹೊರಗೆ ತೆಗೆಯಿರಿ. ಈಗ ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಇಟ್ಟು ನೋಡಿ, ಗುರುತು ಬಾಯಿಯ ಹತ್ತಿರ ಇರಲಿ. ಕಡ್ಡಿಯ ತುದಿ ನಿಪ್ಪಲ್ ಹತ್ತಿರಕ್ಕೆ ಬಂದರೆ ಖಾಲಿ. ಎರಡು ಮೂರು ಇಂಚು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದು ಕಣಜದ ಗೂಡೂ ಇರಬಹುದು, ಆದರೆ ಮದ್ದು ಅಂತಲೇ ತಿಳಿದುಕೊಳ್ಳಿ. ಕೆದಕಬೇಡಿ. ಊರ ಕುಲುಮೆಗೆ ತೆಗೆದುಕೊಂಡು ಹೋಗಿ 'ಸ್ವಲ್ಪ ಬಿಸಿ ಮಾಡಿ ಬಿಚ್ಚಿಕೊಡು' ಅನ್ನುವುದಂತೂ ಬೇಡವೇ ಬೇಡ. ಅದು ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾಡಬೇಕಾದ ಕೆಲಸ.

ಈಗ ಟಿಪ್ಪು ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಇದು ಟಿಪ್ಪುವಿನದ್ದಲ್ಲ. ಶ್ರೀರಂಗಪಟ್ಟಣ ಬಿದ್ದಿದ್ದು 1799ರ ಮೇ 4ರಂದು. ಆ ಕಾಲದ ಕೋವಿಗಳಲ್ಲಿ ಕುದುರೆಯ ಬಾಯಿಗೆ ಚಕಮಕಿ ಕಲ್ಲು ಸಿಕ್ಕಿಸಿರುತ್ತಿದ್ದರು, ಅದು ಉಕ್ಕಿನ ತಗಡಿಗೆ ಬಡಿದು ಕಿಡಿ ರಂಜಕದ ಬಟ್ಟಲಿಗೆ, ಅಂದರೆ ನಳಿಗೆಯ ಪಕ್ಕದಲ್ಲಿ ಚಿಟಿಕೆ ಮದ್ದು ಹಾಕಿಡುವ ಗುಳಿಗೆ, ಬೀಳಬೇಕಿತ್ತು. ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ಉಪಾಯಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1807ರಲ್ಲಿ, ತಾಮ್ರದ ಕೇಪು ಬಳಕೆಗೆ ಬಂದಿದ್ದು ಅದಕ್ಕೂ ಆಮೇಲೆ. ಕಲ್ಲಿನ ಕೋವಿಯನ್ನು ಮುಂದೆ ಕೇಪಿಗೆ ಬದಲಾಯಿಸಿದ್ದೂ ಉಂಟು, ಆದರೆ ಆಗ ಪಕ್ಕದ ಪ್ಲೇಟಿನಲ್ಲಿ ಹಳೇ ತೂತುಗಳನ್ನು ಮುಚ್ಚಿದ ಗುರುತು ಉಳಿಯುತ್ತದೆ. ನಿಮ್ಮದರಲ್ಲಿ ವರ್ಷವೇ ಬರೆದಿದೆ, ಇನ್ನು ವಾದ ಯಾಕೆ?

ನಿಮ್ಮ ಅಳತೆಗಳು ಚೆನ್ನಾಗಿವೆ, ಅದರಿಂದಲೇ ಕೆಲಸ ಸುಲಭ ಆಯಿತು. 39 ಇಂಚಿನ ನಳಿಗೆ, ಮೂರು ಪಟ್ಟಿ, ಕಿರೀಟ, ಟವರ್. ಇಷ್ಟು ನೋಡಿದರೆ 1853ರ ಮಾದರಿಯ ಎನ್‌ಫೀಲ್ಡ್ ಅಂತ ಯಾರಾದರೂ ಹೇಳುತ್ತಾರೆ. ಸಿಪಾಯಿ ದಂಗೆಯ ಪಾಠದಲ್ಲಿ ಓದಿದ್ದೀರಲ್ಲ, ದನದ ಕೊಬ್ಬು, ಹಂದಿ ಕೊಬ್ಬು ಸವರಿದ ತೋಟಾ ಅಂತ ಗಲಾಟೆ ಎದ್ದಿದ್ದು, ಆ ತೋಟಾ ಇದ್ದಿದ್ದು ಇದೇ ಎನ್‌ಫೀಲ್ಡಿಗೆ. ಆದರೆ ಆ ರೈಫಲ್ಲಿನ ಬಾಯಿ 0.577 ಇಂಚು, ಅಂದರೆ 14.7 ಮಿಲಿಮೀಟರ್ ಹತ್ತಿರ. ಒಳಗೆ ಸುರುಳಿ ಸುತ್ತಿದ ಮೂರು ಗೀರು ಇರುತ್ತದೆ, ಗುಂಡು ತಿರುಗುತ್ತಾ ನೇರವಾಗಿ ಹೋಗುವುದು ಅದರಿಂದಲೇ. ನಿಮ್ಮದರ ಬಾಯಿ ದೊಡ್ಡದು, ಒಳಗೆ ನುಣುಪು.

ಇಲ್ಲೇ ಇದರ ಸ್ವಾರಸ್ಯ ಇರುವುದು. ದಂಗೆ ಅಡಗಿದ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳ ಕೈಗೆ ಗುರಿ ತಪ್ಪದ ರೈಫಲ್ ಕೊಡಲು ಹೆದರಿದರು. ಅದಕ್ಕೇ ನೋಡಲು ಎನ್‌ಫೀಲ್ಡ್ ಥರವೇ ಇರುವ, ಆದರೆ ಒಳಗಿನ ಗೀರು ಕೊರೆದು ತೆಗೆದು 0.656 ಇಂಚಿಗೆ ಅಗಲ ಮಾಡಿದ ಕೋವಿಗಳನ್ನು ಕೊಟ್ಟರು. ಇವನ್ನು 1858ರ ಮಾದರಿ ಅನ್ನುತ್ತಾರೆ. ಕೊರೆದಿದ್ದರಿಂದ ನಳಿಗೆಯ ಗೋಡೆ ತೆಳುವಾಯಿತು, ಹಾಗಾಗಿ ಮುಂದೆ ದಪ್ಪ ಗೋಡೆಯ 1859ರ ಮಾದರಿ ಬಂತು. 0.656 ಇಂಚು ಅಂದರೆ 16.7 ಮಿಲಿಮೀಟರ್ ಹತ್ತಿರ. ನೀವು ಅಳೆದಿದ್ದಕ್ಕೆ ಹೊಂದುತ್ತದೆ ಅಲ್ವಾ?

ಇನ್ನೊಂದು ನೋಡಿ ಬರೆಯಿರಿ. ನಳಿಗೆಯ ಮೇಲೆ, ಕುದುರೆಗಿಂತ ಸ್ವಲ್ಪ ಮುಂದೆ, ಗುರಿ ನೋಡುವ ಹಿಂದಿನ ಸಾಧನ ಇರುತ್ತದೆ. ಅಸಲಿ ರೈಫಲ್ಲಿನಲ್ಲಿ ಅದು ಎತ್ತಿ ನಿಲ್ಲಿಸುವ ಪುಟ್ಟ ಏಣಿ, 800 ಮೀಟರಿಗೂ ಮೇಲಿನ ದೂರದವರೆಗೆ ಅಂಕೆ ಕೆತ್ತಿರುತ್ತಾರೆ. ಸಿಪಾಯಿಗಳ ಕೋವಿಯಲ್ಲಿ ಏಣಿ ಇಲ್ಲ, ನಡುವೆ ಕಚ್ಚು ಹಾಕಿದ ಒಂದು ಕಬ್ಬಿಣದ ತುಂಡು ಅಷ್ಟೆ. ಈ ತುಂಡು ಇದ್ದರೆ ನನ್ನ ಊಹೆ ಗಟ್ಟಿ. ಏಣಿ ಇದ್ದರೆ, ಅದು ರೈಫಲ್ಲೇ ಆಗಿದ್ದು ಆಮೇಲೆ ಯಾರೋ ಚರೆ ಹೊಡೆಯಲಿಕ್ಕೆ ಅಂತ ಒಳಗೆ ಕೊರೆಸಿರಬೇಕು. ಆಗ ಬೆಲೆ ಕಡಿಮೆ. ಹಿಡಿಯ ಹಿಂಭಾಗದ ಹಿತ್ತಾಳೆ ತಗಡಿನ ಮೇಲ್ತುದಿಯಲ್ಲಿ ಏನಾದರೂ ಅಂಕೆ ಅಕ್ಷರ ಇದೆಯಾ ನೋಡಿ, ಪಲ್ಟನ್ನಿನ ಗುರುತು ಸಿಕ್ಕರೆ ಅದು ಬೆಲೆಗೆ ಒಳ್ಳೆಯದು.

ಸರಿ, ಬೆಲೆ. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ, ಕೋವಿಗಳ ಒಂದು ಸಂಗ್ರಹ 60 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಆವತ್ತಿನಿಂದ ಮಂಡ್ಯ ಜಿಲ್ಲೆಯ ಪ್ರತಿ ಅಟ್ಟದಲ್ಲೂ ಕೋಟಿ ಇದೆ ಅಂತ ಜನ ಅಂದುಕೊಂಡಿದ್ದಾರೆ. ಎನ್‌ಫೀಲ್ಡ್ ಜಾತಿಯವು ಲಕ್ಷಗಟ್ಟಲೆ ತಯಾರಾದ ಕೋವಿಗಳು. ಸಾಲದ್ದಕ್ಕೆ 2003ರಲ್ಲಿ ನೇಪಾಳದ ಹಳೇ ಆಯುಧಶಾಲೆಯಲ್ಲಿದ್ದ ಕೋವಿಗಳ ದೊಡ್ಡ ರಾಶಿಯನ್ನು ಅಮೆರಿಕದ ವ್ಯಾಪಾರಿಗಳು ಕೊಂಡು ಮಾರುಕಟ್ಟೆಗೆ ಸುರಿದರು. ಸಾಧಾರಣ ಸ್ಥಿತಿಯ ಕೋವಿಗೆ ಇಂಗ್ಲೆಂಡಿನಲ್ಲಿ ಕೆಲವು ನೂರು ಪೌಂಡ್, ಚೆನ್ನಾಗಿದ್ದರೆ ಸಾವಿರದ ಮೇಲೆ, ಅಷ್ಟು.

ಆದರೆ ಆ ಬೆಲೆಯೂ ನಿಮ್ಮದಲ್ಲ. 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಲ್ಲೇ ಮಾರೋಣ ಅಂದರೆ ಕೊಳ್ಳುವವರ ಹತ್ತಿರ ಲೈಸೆನ್ಸ್ ಇರಬೇಕು, ಮಾರುವ ನಿಮ್ಮ ಹತ್ತಿರವೂ ಇರಬೇಕು, ಜಿಲ್ಲಾಧಿಕಾರಿಗೆ ಇಲ್ಲವೇ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ನಿಮ್ಮ ವ್ಯಾಪಾರಿ ಇದರಲ್ಲಿ ಒಂದನ್ನಾದರೂ ಕೇಳಿದರಾ? ಸುಮ್ನೆ 'ತಂದುಬಿಡಿ' ಅಂದರು. ಅವರು 15,000 ಅಲ್ಲ, 50,000 ಅಂದರೂ ಅದು ಬೆಲೆಯಲ್ಲ. ದಾರಿಯಲ್ಲಿ ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ, ಅವರ ಮೇಲಲ್ಲ.

'ಇದು ಹಳೇದು ಸ್ವಾಮಿ, ಆಂಟಿಕ್ಕು, ಲೈಸೆನ್ಸ್ ಬೇಡ' ಅಂತ ಯಾರಾದರೂ ಹೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ ಆಯುಧಕ್ಕೆ ವಿನಾಯಿತಿ ಇದೆ, ಸುಳ್ಳಲ್ಲ. ಆದರೆ ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿ ಇರಬೇಕು ಅನ್ನುವುದು ಅದರ ಷರತ್ತು. ನಿಮ್ಮದು ನಿಪ್ಪಲ್ ಚೊಕ್ಕ ಮಾಡಿದರೆ ಹಾರುತ್ತದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿ ಆದಮೇಲೆ ಎರಡರಿಂದ ಐದು ವರ್ಷದವರೆಗೆ ಶಿಕ್ಷೆ. ಆದ್ದರಿಂದ ಮೊದಲು ತಾತನ ಟ್ರಂಕು, ದೇವರ ಮನೆ, ಹಳೇ ಪಹಣಿ ಕಾಗದದ ಕಟ್ಟು ಎಲ್ಲ ಹುಡುಕಿ, ಲೈಸೆನ್ಸ್ ಪುಸ್ತಕ ಇದ್ದರೂ ಇರಬಹುದು. ಅದರಲ್ಲಿ 'ಎಸ್‌.ಬಿ.ಎಂ.ಎಲ್.' ಅಂತ ಬರೆದಿದ್ದರೆ ಬಾಯಿಂದ ತುಂಬುವ ಒಂಟಿ ನಳಿಗೆಯದ್ದು ಅಂತಲೇ ಲೆಕ್ಕ. ಸಿಕ್ಕಲಿ ಬಿಡಲಿ, ಒಬ್ಬ ವಕೀಲರನ್ನು ಕಂಡು, ಸಿಕ್ಕಿದ ಬಗೆಯನ್ನು ಅರ್ಜಿಯಲ್ಲಿ ಬರೆದು ಠಾಣೆಗೆ ಕೊಡಿ. ಅರ್ಜಿ ಮೊದಲು ಹೋಗಲಿ, ಕೋವಿ ಅವರು ಹೇಳಿದ ಮೇಲೆ ಹೋಗಲಿ. ಠಾಣೆಗೆ ಒಪ್ಪಿಸಿದರೆ ರಸೀದಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಆ ರಸೀದಿಯಲ್ಲಿ 'ಹಳೇ ಕೋವಿ 1' ಅಂತ ಗೀಚಿದರೆ ಒಪ್ಪಬೇಡಿ. ಟವರ್, 1859, ನಳಿಗೆಯ ಉದ್ದ, ಎಲ್ಲಾ ಬರೆಸಿ.

ಕಾಗದ ಸರಿಯಾದರೆ ನಿಮ್ಮ ಹತ್ತಿರ ಒಳ್ಳೆಯ ವಸ್ತು ಇದೆ. ಸಿಪಾಯಿಗಳ ಈ ನುಣುಪು ನಳಿಗೆಯ ಕೋವಿಗೆ ಎನ್‌ಫೀಲ್ಡ್ ರೈಫಲ್ಲಿನಷ್ಟು ಗಿರಾಕಿ ಇರುವುದಿಲ್ಲ, ಆದರೆ 1857ರ ಕಥೆ ಹೇಳಲು ನನಗಂತೂ ಅದಕ್ಕಿಂತ ಇದೇ ಇಷ್ಟ.

ಪ್ರಶ್ನೆ: ನಮ್ಮ ಮಾವನವರಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು, ಕೇಪು ಕೋವಿ. ಹೋದ ವರ್ಷ ತೀರಿಕೊಂಡರು. ಎಲೆಕ್ಷನ್ನಿನಲ್ಲಿ ಠಾಣೆಗೆ ಇಟ್ಟಿದ್ದು ಇನ್ನೂ ಅಲ್ಲೇ ಇದೆ. ನಳಿಗೆಯ ಮೇಲೆ ಮುಂಗೇರ್ ಅಂತ ಇದೆ. ಮಗನ ಹೆಸರಿಗೆ ಮಾಡಿಸಬಹುದಾ, ಇಲ್ಲ ಮಾರುವುದೇ ಒಳ್ಳೆಯದಾ?
(ಮಳವಳ್ಳಿಯ ಓದುಗರು)

ಉತ್ತರ: ಮಾಡಿಸಬಹುದು ಅಮ್ಮ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ದಾರಿ ಇದೆ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಅಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ ಅವರು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಕೇಳಬಹುದು. ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಕೋವಿ ಇರುವ ಎಲ್ಲರೂ ಇದನ್ನು ಓದಿಕೊಳ್ಳಲಿ, ಆಮೇಲೆ ಓಡಾಡುವುದು ತಪ್ಪುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಹಳೇ ಲೈಸೆನ್ಸ್ ಪುಸ್ತಕ, ಠಾಣೆಯ ರಸೀದಿ ಜೋಡಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಮೈಸೂರು ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿ.

ಮಾರಿ ದುಡ್ಡು ಮಾಡುವ ಆಸೆ ಬಿಡಿ. ಮುಂಗೇರ್ ಬಿಹಾರದಲ್ಲಿದೆ, ಅಲ್ಲಿನ ಲೈಸೆನ್ಸ್ ಪಡೆದ ಕಾರ್ಖಾನೆಗಳಿಂದ ಇಂಥ ಕೋವಿ ರೈತರಿಗೆ ಅಂತಲೇ ಬರುತ್ತಿದ್ದವು. ಗಟ್ಟಿ ಸಾಮಾನು, ಸಂಗ್ರಾಹಕರಿಗೆ ಬೇಡ. ಇನ್ನು ಮಗನಿಗೆ ಒಂದು ಮಾತು ಹೇಳಿ: ಬೆಳೆ ರಕ್ಷಣೆ ಅಂತ ಲೈಸೆನ್ಸಿನಲ್ಲಿ ಬರೆದಿದ್ದರೂ ಅದು ಬೇಟೆಗೆ ಪರವಾನಗಿ ಅಲ್ಲ. ಕಾಡುಹಂದಿಯೂ 1972ರ ವನ್ಯಜೀವಿ ಕಾಯ್ದೆಯ ಒಳಗೇ ಬರುತ್ತದೆ. ಕಬ್ಬಿನ ಗದ್ದೆಯಲ್ಲಿ ಸದ್ದು ಮಾಡಿ ಓಡಿಸುವುದು ಬೇರೆ, ಹೊಡೆದು ಹಾಕುವುದು ಬೇರೆ.

ಪ್ರಶ್ನೆ: ಶ್ರೀರಂಗಪಟ್ಟಣದ ಕಡೆಯ ಅಂಗಡಿಯೊಂದರಲ್ಲಿ ಹಿತ್ತಾಳೆ ಕೆತ್ತನೆಯ ಚಕಮಕಿ ಕೋವಿ ತೋರಿಸಿದರು, ಟಿಪ್ಪು ಮದ್ದಿನ ಮನೆಯಿಂದ ಬಂದಿದ್ದಂತೆ, ಸರ್ಟಿಫಿಕೇಟೂ ಇದೆ. ಅಸಲಿ ಅಂತ ಕಂಡುಹಿಡಿಯುವುದು ಹೇಗೆ?
(ಮೈಸೂರು ಕುವೆಂಪುನಗರದ ಓದುಗರು)

ಉತ್ತರ: ಮದ್ದಿನ ಮನೆಯಿಂದ ಕೋವಿ ಬಂದಿಲ್ಲ, ಮದ್ದಿನ ಮನೆಯೇ ಬಂದಿತ್ತು! 2017ರಲ್ಲಿ ರೈಲ್ವೆ ಜೋಡಿ ಹಳಿಗೆ ದಾರಿ ಬಿಡಲು ಆ ಕಟ್ಟಡವನ್ನೇ ಇಡಿಯಾಗಿ ಆಚೆಗೆ ಸರಿಸಿದ್ದು ನಿಮಗೂ ನೆನಪಿರಬೇಕು. ತಮಾಷೆ ಬಿಡಿ.

ಟಿಪ್ಪು ಕಾರ್ಖಾನೆಯ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಪಾರ್ಸಿ ಅಕ್ಷರ, ಅವನೇ ಶುರು ಮಾಡಿದ ಮೌಲೂದಿ ಲೆಕ್ಕದ ವರ್ಷ ಇರುತ್ತವೆ. ಅಂಥವು ಇವತ್ತು ವಸ್ತುಸಂಗ್ರಹಾಲಯಗಳಲ್ಲಿ, ದೊಡ್ಡ ದೊಡ್ಡ ಹರಾಜುಗಳಲ್ಲಿ ಕಾಣುತ್ತವೆ, ಕೀಚೈನ್ ಮಾರುವ ಅಂಗಡಿಯಲ್ಲಿ ಅಲ್ಲ. ಸರ್ಟಿಫಿಕೇಟನ್ನು ಅಂಗಡಿಯವರೇ ಪ್ರಿಂಟ್ ಹಾಕಿಸಿರುತ್ತಾರೆ. ಕೋವಿ ಕೈಗೆ ತೆಗೆದುಕೊಂಡರೆ ಮೊದಲು ಸ್ಕ್ರೂ ನೋಡಿ. ತಲೆಯಲ್ಲಿ ಕೂಡಿಸುವ ಚಿಹ್ನೆಯ ಕಚ್ಚು ಇದ್ದರೆ ಮಾತು ಮುಗಿಯಿತು, ಅಂಥ ಸ್ಕ್ರೂ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ. ಆಮೇಲೆ ರಂಜಕದ ಬಟ್ಟಲಿನ ಪಕ್ಕ ನಳಿಗೆಗೆ ಹೋಗುವ ಸಣ್ಣ ತೂತು ಹುಡುಕಿ, ಅಲಂಕಾರಕ್ಕೆ ಮಾಡಿದ ಕೋವಿಗಳಲ್ಲಿ ಎಷ್ಟೋ ಸಲ ಆ ತೂತನ್ನೇ ಕೊರೆದಿರುವುದಿಲ್ಲ. ತುಕ್ಕು ಎಲ್ಲಾ ಕಡೆ ಒಂದೇ ಬಣ್ಣಕ್ಕಿದ್ದರೆ ಆಸಿಡ್ ಹಾಕಿ ಮುದುಕ ಮಾಡಿದ್ದಾರೆ ಅಂತ. ನಿಜವಾಗಿ ಬಳಸಿದ ಕೋವಿ ಕೈ ಹಿಡಿಯುವ ಕಡೆ ಸವೆದಿರುತ್ತದೆ, ಬೆಂಕಿ ಹಾರುವ ಕಡೆ ಕಬ್ಬಿಣಕ್ಕೆ ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ, ಮೂಲೆಯಲ್ಲಿ ಹೊಸತರ ಹಾಗೇ ಉಳಿದಿರುತ್ತದೆ.

ಗುರುತುಗಳನ್ನು ಒಂದಕ್ಕೊಂದು ತಾಳೆ ಹಾಕುವುದೂ ಒಳ್ಳೆಯ ಉಪಾಯ. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳಲ್ಲಿ ಮೊದಲು ಹೃದಯದ ಆಕಾರದ ಮುದ್ರೆ, 1808ರಿಂದ ಎದ್ದು ನಿಂತ ಸಿಂಹ. ವಿಕ್ಟೋರಿಯಾ ರಾಣಿಯ 'ವಿ.ಆರ್.' ಅಕ್ಷರ 1837ಕ್ಕಿಂತ ಮುಂಚೆ ಬರಲಿಕ್ಕೆ ಸಾಧ್ಯವೇ ಇಲ್ಲ, ಆದರೂ 'ವಿ.ಆರ್. 1799' ಅಂತ ಕೆತ್ತುವ ಧೈರ್ಯವಂತರು ಇದ್ದಾರೆ. ಬೆಲ್ಜಿಯಮ್ಮಿನ ಲೀಜ್ ಊರಿನ ಪರೀಕ್ಷೆಯ ಗುರುತು ಮೊಟ್ಟೆಯಾಕಾರದೊಳಗಿನ 'ಇ.ಎಲ್.ಜಿ.', ಅದರ ಮೇಲೆ ಕಿರೀಟ ಇದ್ದರೆ 1893ರ ಆಮೇಲಿನದ್ದು.

ಗೋಡೆಗೆ ಚೆನ್ನಾಗಿ ಕಾಣುತ್ತದೆ ಅನ್ನಿಸಿದರೆ, ತೂತು ಕೊರೆದಿಲ್ಲ, ಹಾರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಲಂಕಾರದ ಸಾಮಾನಿನ ಬೆಲೆಗೆ ಕೊಳ್ಳಿ. ಟಿಪ್ಪು ಹೆಸರಿಗೆ ಒಂದು ರೂಪಾಯಿಯೂ ಸೇರಿಸಬೇಡಿ.

ಪ್ರಶ್ನೆ: ನಮ್ಮದು ಲೈಸೆನ್ಸ್ ಇರುವ ಹಳೇ ಕೋವಿ. ಹಬ್ಬಕ್ಕೆ ಫಳಫಳ ಅನ್ನುವ ಹಾಗೆ ಮಾಡಬೇಕು. ಏನು ಹಾಕಿ ಉಜ್ಜಬೇಕು?
(ನಂಜನಗೂಡಿನ ಓದುಗರು)

ಉತ್ತರ: ಏನೂ ಹಾಕಿ ಉಜ್ಜಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಉಪ್ಪು, ಬೂದಿ, ಮರಳು ಕಾಗದ, ಯಾವುದೂ ಬೇಡ. ದೇವರ ದೀಪಕ್ಕೆ ಆಗುತ್ತದೆ, ಕೋವಿಗೆ ಆಗುವುದಿಲ್ಲ. ಕಬ್ಬಿಣದ ಮೇಲೆ ಕೂತಿರುವ ಕಂದು ಬಣ್ಣವನ್ನು ಸಂಗ್ರಾಹಕರು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಅದನ್ನು ತಿಕ್ಕಿ ತೆಗೆದರೆ ಜೊತೆಗೆ ಮುದ್ರೆ, ವರ್ಷ, ಹೆಸರು ಎಲ್ಲ ಮಸುಕಾಗುತ್ತವೆ. ಮುದ್ರೆ ಅಳಿಸಿಹೋದ ಕೋವಿ ಹೊಳೆದರೇನು ಬಂತು? ಕೈಗೆ ಪುಡಿಯಾಗಿ ಹತ್ತುವ ಕೆಂಪು ತುಕ್ಕು ಇದ್ದರೆ ಅದು ಮಾತ್ರ ಹೋಗಬೇಕು. ಹೊಲಿಗೆ ಮೆಷಿನ್ ಎಣ್ಣೆಯಂಥ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೇಕಾದರೆ ಮತ್ತೆ ಅದೇ ಮಾಡಿ. ಮರಕ್ಕೆ ವಾರ್ನಿಶ್ ಬೇಡ, ಅಗಸೆ ಎಣ್ಣೆ ನಾಲ್ಕು ಹನಿ ಅಂಗೈಯಲ್ಲಿ ಹಾಕಿಕೊಂಡು ತಿಕ್ಕಿದರೆ ಸಾಕು.

ಪೂಜೆಗೆ ಅಂತ ನೀರು ಚಿಮುಕಿಸಿ, ಒದ್ದೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ ಮೂರು ದಿನ ಹಾಗೇ ಬಿಡುತ್ತಾರಲ್ಲ, ತುಕ್ಕು ಹಿಡಿಯುವುದು ಅಲ್ಲೇ. ಕುಂಕುಮ ಮರದ ಹಿಡಿಗೆ ಇಡಿ, ಸಂಜೆಗೆ ಒರೆಸಿಡಿ. ಇನ್ನು, ನೀವು ಅದರಲ್ಲಿ ಮದ್ದು ಹೊಡೆಯುವವರಾದರೆ, ಸುಟ್ಟ ಮದ್ದಿನ ಮಸಿ ಗಾಳಿಯ ತೇವ ಎಳೆದುಕೊಂಡು ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಆ ಮಸಿ ಎಣ್ಣೆಗೆ ಹೋಗುವುದಿಲ್ಲ, ಬಿಸಿನೀರಿಗೆ ಹೋಗುತ್ತದೆ. ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಪ್ರಶ್ನೆ: ಕೊಡಗಿನ ನಮ್ಮ ಸ್ನೇಹಿತರ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡಿದ್ದಾರೆ. ಹುಣಸೂರಿನ ನಮಗೆ ಯಾಕೆ ಇಲ್ಲ?
(ಹುಣಸೂರಿನ ಓದುಗರು)

ಉತ್ತರ: ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನವರಿಗೆ) ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅವರ ಹತ್ತಿರವೂ ವಿನಾಯಿತಿ ಪತ್ರ ಇರುತ್ತದೆ, ಕೇಳಿ ನೋಡಿ. ಹುಣಸೂರು ಕೊಡಗಿನ ಪಕ್ಕದಲ್ಲಿದೆ, ಆದರೆ ವಿನಾಯಿತಿ ಗಡಿ ದಾಟಿ ಬರುವುದಿಲ್ಲ. ಅವರ ಕೋವಿಯನ್ನು 'ನಾಲ್ಕು ದಿನ ಇಟ್ಟುಕೊಂಡಿರು' ಅಂತ ನಿಮ್ಮ ಮನೆಯಲ್ಲಿ ಬಿಟ್ಟುಹೋಗಲು ಬಂದರೆ ಬೇಡ ಅನ್ನಿ.